ಇಂಟರ್ನೆಟ್ ಇಲ್ಲದ ಹತ್ತು ಜನ

ಮೂರು ತಿಂಗಳಿಂದ ಗುಮಾಸ್ತರ ಕೌಂಟರಿಗೆ ಒಬ್ಬರೂ ಬಂದಿರಲಿಲ್ಲ. ಇಂಟರ್ನೆಟ್ ಬಾರದವರಿಗೆಂದೇ ಕಾಗದದ ಅರ್ಜಿ ತೆಗೆದುಕೊಳ್ಳುವ ಕೌಂಟರ್ ಅದು. ಒಂದು ಕಾಲದಲ್ಲಿ ಮುದುಕರು, ಕೂಲಿಯವರು, ಗೃಹಿಣಿಯರ ಸಾಲು ಬೀದಿಯ ತಿರುವು ಮುಟ್ಟುತ್ತಿತ್ತು. ಈಗ ಅಲ್ಲಿ ಕೂರಲು ನೊಣಕ್ಕೂ ಬೇಸರ.

"ಸಂಜೆಯೊಳಗೆ ಇಂಟರ್ನೆಟ್ ಇಲ್ಲದ ಹತ್ತು ಜನರ ಸಹಿ ತನ್ನಿ," ಎಂದರು ಅಧಿಕಾರಿ. "ಇಲ್ಲಾಂದ್ರೆ ನಾಳೆ ಕೌಂಟರ್ ಮುಚ್ಚಿ ನಿಮ್ಮನ್ನ ಊರಾಚೆ ಗೋದಾಮಿಗೆ ಹಾಕ್ತೀನಿ."

ಗುಮಾಸ್ತರ ಹೆಂಡತಿ ಹಾಸಿಗೆ ಹಿಡಿದು ವರ್ಷವಾಗಿತ್ತು. ಮಧ್ಯಾಹ್ನ ಓಡಿಹೋಗಿ ಊಟ ಮಾಡಿಸಿ, ಮಾತ್ರೆ ಕೊಟ್ಟು ಬರುವವರು ಇವರೇ. ಗೋದಾಮಿನಿಂದ ಓಡಿ ಬರುವುದಾದರೂ ಹೇಗೆ?

ಮೊದಲ ಮನೆಯ ಎಂಬತ್ತರ ಅಜ್ಜಿ ಬಾಗಿಲು ತೆರೆದವರೇ "ಶ್!" ಎಂದರು. "ಮರಿಮಗಳಿಗೆ ವಿಡಿಯೊದಲ್ಲಿ ಕತೆ ಹೇಳ್ತಿದ್ದೀನಿ. ಆಮೇಲೆ ಬಾಪ್ಪ."

ಪಕ್ಕದ ಮನೆಯ ಕೆಲಸದಾಕೆ ಪೊರಕೆ ಹಿಡಿದೇ ನಕ್ಕಳು. "ಅರ್ಜಿನಾ? ಬಸ್ಸಲ್ಲಿ ಕೂತೇ ಹಾಕ್ಬಿಟ್ಟೆ. ನಿಮ್ದೂ ಹಾಕ್ಕೊಡ್ಲಾ ಅಣ್ಣ?"

ದೊಡ್ಡ ಬಂಗಲೆಯ ಯಜಮಾನರು ಮಾತ್ರ, "ನಾನು ಫೋನು ಬಿಟ್ಟು ಆರು ತಿಂಗಳಾಯ್ತು. ಎಂಥಾ ನೆಮ್ಮದಿ ಗೊತ್ತಾ!" ಎಂದರು. ಗುಮಾಸ್ತರಿಗೆ ಕಾಲಿಗೆ ಬೀಳುವಷ್ಟು ಸಂತೋಷ. ತಕ್ಷಣ ಹಾಳೆ ಚಾಚಿದರು.

"ಸಹಿ ಗಿಹಿ ಎಲ್ಲ ನನ್ನ ಸೆಕ್ರೆಟರಿ ನೋಡ್ಕೊಳ್ತಾಳೆ. ಅವಳಿಗೆ ಇಮೇಲ್ ಮಾಡ್ಬಿಡಿ."

ಗೇಟು ದಾಟುವಷ್ಟರಲ್ಲಿ ಐದಾರು ಜನ ಮುತ್ತಿಕೊಂಡರು. ಇಂಟರ್ನೆಟ್ ಇಲ್ಲದ ಅಮಾಯಕರನ್ನು ಹುಡುಕುವ ಮೋಸಗಾರ ಬಂದಿದ್ದಾನೆಂದು ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಗುಮಾಸ್ತರ ಫೋಟೊ ಬಿದ್ದಿತ್ತು. ಗುಮಾಸ್ತರು ಅಳುತ್ತಲೇ ಕೌಂಟರಿನ ಕತೆಯನ್ನೆಲ್ಲ ಹೇಳಿಕೊಂಡರು.

"ಅಯ್ಯೋ ಪಾಪ!" ಎಂದರು ಎದುರುಮನೆಯ ಟೀಚರಮ್ಮ. "ನೀವು ಹೋಗಿ. ನಾನು ಎಲ್ಲರಿಗೂ ತಿಳಿಸ್ತೀನಿ."

ಖಾಲಿ ಹಾಳೆ ಮಡಚಿಕೊಂಡು, ಹೆಂಡತಿಗೆ ಊಟ ಮಾಡಿಸಿ, ಕಾಲೆಳೆಯುತ್ತ ಕಚೇರಿಗೆ ಬಂದರೆ ಗುಮಾಸ್ತರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಕೌಂಟರಿನ ಮುಂದೆ ಐವತ್ತು ಜನರ ಸಾಲು! ಅಧಿಕಾರಿಯ ಕೋಣೆಗೆ ನುಗ್ಗಿ ಅವರನ್ನು ಕೈ ಹಿಡಿದೇ ಎಳೆತಂದರು.

"ನೋಡಿ ಸಾರ್, ಜನ! ಈಗ ಹೇಗೆ ಮುಚ್ತೀರಿ?"

ಗುಮಾಸ್ತರು ಮೂಗಿನ ತುದಿಯ ಕನ್ನಡಕ ಸರಿಮಾಡಿಕೊಂಡು ತಮ್ಮ ಕುರ್ಚಿಯಲ್ಲಿ ಕೂತು ಮೊದಲನೆಯವನತ್ತ ಕೈ ಚಾಚಿದರು. "ಕೊಡಪ್ಪ, ಏನು ಅರ್ಜಿ?"

"ಅರ್ಜಿ ಏನಿಲ್ಲ ಸಾರ್. ನಾಳೆ ಮುಚ್ತಾರಂತಲ್ಲ, ಅದಕ್ಕೇ ಕೊನೇ ಸಲ ಒಂದು ಸೆಲ್ಫಿ. ಸ್ವಲ್ಪ ನಗಿ."

ಅಧಿಕಾರಿ ತಲೆ ಬಾಚಿಕೊಂಡು ಬಂದು ಗುಮಾಸ್ತರ ಪಕ್ಕದಲ್ಲಿ ನಿಂತರು.