ಮುಖವಿಲ್ಲದ ಮದುವೆಯ ವಿಡಿಯೊ

ಬೆಳಗಿನ ಚಹಾ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಭಾಲ್ಕಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಸಂಘಪಾಲನ ಫೋನು ಬಡಿದುಕೊಂಡಿತು. ಬೀದರಿನ ನೌಬಾದದಿಂದ ಸುಶೀಲಕುಮಾರರು. ಅವರ ಮಗಳು ಉಜ್ವಲಾಳ ಮದುವೆ ನಿಶ್ಚಯವಾಗಿತ್ತು. ಅದರ ಫೋಟೊ, ವಿಡಿಯೊ ಎರಡರ ಕೆಲಸವೂ ತನಗೇ ಸಿಗಲೆಂದು ಸಂಘಪಾಲ ಅವರ ಬೆನ್ನು ಬಿದ್ದಿದ್ದ.

"ನಿಮ್ಮ ವೆಬ್‌ಸೈಟಿನ ಲಿಂಕ್ ಕಳಸ್ರಿ. ಅದರಾಗ ವಿಡಿಯೊ ಓಡಬೇಕಂತ ನಮ್ಮ ಉಜ್ವಲಾ ಹೇಳ್ಯಾಳ. ಸಂಜಿಕ ಮನಿ ಮಂದಿ ಎಲ್ಲಾ ಕೂತು ನೋಡ್ತೇವಿ. ಬೀದರದ ಒವೈಸ ನಿನ್ನೇನೇ ಕಳಸ್ಯಾನ."

"ಸಂಜಿ ಆಗೂದ್ರಾಗ ಲಿಂಕ್ ನಿಮ್ಮ ಫೋನಿನಾಗ ಇರ್ತದ್ರಿ," ಎಂದ ಸಂಘಪಾಲ. ತನ್ನ ಬಳಿ ವೆಬ್‌ಸೈಟೇ ಇಲ್ಲ ಎಂಬುದೊಂದೇ ತೊಡಕು.

ಬೀದರದ ಫೋಟೊಗ್ರಾಫರ್ ಒವೈಸ ಡ್ರೋನ್ ಹಾರಿಸಲು ಶುರು ಮಾಡಿದ ಮೇಲೆ ಭಾಲ್ಕಿಯ ಮದುವೆಗಳೂ ಅವನ ಕಡೆಗೇ ಹಾರಿಹೋಗಿದ್ದವು. ಸಂಘಪಾಲನ ಹೆಂಡತಿಯ ತಮ್ಮ ವಿಶ್ವಾಸ ಬೀದರ ಬಳಿಯ ಕೊಳಾರದ ಕಾರ್ಖಾನೆಯ ಗೋದಾಮಿನಲ್ಲಿ ಅವನಿಗೊಂದು ಕೆಲಸ ಹಿಡಿದಿಟ್ಟು, ಹೌದೋ ಅಲ್ಲವೋ ಇವತ್ತೇ ಹೇಳಬೇಕೆಂದಿದ್ದ. ನೌಬಾದದ ಮದುವೆ ಸಿಕ್ಕರೆ ಸ್ಟುಡಿಯೊ ಉಳಿಯುತ್ತದೆ. ತಪ್ಪಿದರೆ ಬಾಗಿಲು ಮುಚ್ಚಿ ಗೋದಾಮಿನ ಡಬ್ಬ ಎಣಿಸಬೇಕು. ಊರಿನ ಮದುಮಕ್ಕಳನ್ನೆಲ್ಲ ಚೆಂದ ಕಾಣಿಸಿದವನಿಗೆ ಡಬ್ಬದ ಸಹವಾಸ ಬೇಡವಾಗಿತ್ತು.

ಅತ್ತೆ ಕೇಶರಬಾಯಿ ಸ್ಟುಡಿಯೊದ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸುತ್ತಮುತ್ತಲಿನ ಮದುವೆಗಳಿಗೆ ಅಡುಗೆ ಮಾಡುವುದು ಆಕೆಯ ಉದ್ಯೋಗ, ಅಳಿಯನಿಗೆ ಬುದ್ಧಿ ಹೇಳುವುದು ಬಿಡುವಿನ ಕೆಲಸ.

"ಅಳಿಯಾ, ನಮ್ಮ ವಿಶ್ವಾಸಗ ಹೂಂ ಅಂದುಬಿಡ್ರಿ. ತಿಂಗಳಾ ತಿಂಗಳಾ ಪಗಾರ ಬರ್ತದ."

"ಅತ್ತಿ, ಇವತ್ತ ವೆಬ್‌ಸೈಟ್ ಆಗೂತನಕ ನನ್ನ ಬಾಯಿಂದ ಹೂಂನೂ ಇಲ್ಲ, ಊಹೂಂನೂ ಇಲ್ಲ," ಎಂದು ಸಂಘಪಾಲ ಕಂಪ್ಯೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

ಪಕ್ಕದ ಮೊಬೈಲ್ ಅಂಗಡಿಯ ಅಮಿತಕುಮಾರ ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡ. ಊರಲ್ಲಿ ಯಾರ ಫೋನು ಕೆಟ್ಟರೂ ಅವನೇ ವೈದ್ಯ. ಕೆಲವು ಫೋನು ಅವನ ಕೈಗೆ ಬಂದ ಮೇಲೆಯೇ ಕೆಡುತ್ತಿದ್ದವು. ಪುಕ್ಕಟೆ ವೆಬ್‌ಸೈಟ್ ಕಟ್ಟಿಕೊಡುವ ತಾಣಗಳಲ್ಲಿ ಅವನು ತೋರಿಸಿದ ಮೊದಲನೆಯದರಲ್ಲಿ ಫೋಟೊಗಳು ಬಲು ಚೆಂದ ಕೂತವು. ವಿಡಿಯೊ ಒತ್ತಿದರೆ ಮಾತ್ರ ಮದುಮಗಳು ಎತ್ತಿದ ಕೈ ಎತ್ತಿದ ಹಾಗೇ ನಿಂತಳು. ಎಷ್ಟು ಒತ್ತಿದರೂ ಕೈ ಇಳಿಯಲಿಲ್ಲ.

"ಇದು ಬರೇ ಫೋಟೊಕ್ಕ ಅಂತ್ರಿ ಅಣ್ಣಾ, ಕೆಳಗ ಸಣ್ಣ ಅಕ್ಷರದಾಗ ಬರದಾರ," ಎಂದ ಅಮಿತಕುಮಾರ.

ಎರಡನೆಯದರಲ್ಲಿ ವಿಡಿಯೊ ಓಡಿತು. ಮೊದಲು ಕೂದಲೆಣ್ಣೆಯ ಜಾಹೀರಾತು, ಆಮೇಲೆ ಮದುವೆ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಮದುವೆ ಮುಗಿದದ್ದೇ ತಡ, ಯಾರೂ ಕೇಳದಿದ್ದರೂ ಇನ್ನೊಂದು ವಿಡಿಯೊ ತಾನಾಗಿಯೇ ಶುರುವಾಯಿತು. ಅದು ಒವೈಸನದು. ಬೀದರ ಕೋಟೆಯ ಮೇಲೆ ಡ್ರೋನ್ ಹದ್ದಿನಂತೆ ಸುತ್ತುತ್ತಿತ್ತು. ಹಲ್ಲು ಕಡಿಯುತ್ತಲೇ ಸಂಘಪಾಲ ಅದನ್ನು ಕೊನೆಯವರೆಗೂ ನೋಡಿದ.

ಮೂರನೆಯದರಲ್ಲಿ ಜಾಹೀರಾತಿಲ್ಲ, ಹಿಂದೆ ಮುಂದೆ ಒವೈಸನಿಲ್ಲ. ಪುಟ ತೆರೆದ ಕೂಡಲೇ ವಿಡಿಯೊ ಹೊಳೆಯ ನೀರಿನಂತೆ ಹರಿಯುತ್ತಿತ್ತು. ಪುಕ್ಕಟೆ ಇರುವವರೆಗೆ ಒಂದೇ ವಿಡಿಯೊ, ಅದೂ ಎರಡೇ ನಿಮಿಷ.

"ಇದೇ!" ಎಂದು ಸಂಘಪಾಲ ಮೇಜು ಗುದ್ದಿದ. ಆ ಹುರುಪಿನಲ್ಲೇ ವಿಶ್ವಾಸನಿಗೆ ಫೋನು ಹಚ್ಚಿ, "ಆ ಕೆಲಸ ಬ್ಯಾರೆ ಯಾರಿಗರ ಕೊಡಸಪ್ಪಾ, ನಾ ಬರಂಗಿಲ್ಲ," ಎಂದುಬಿಟ್ಟ. ಕೇಶರಬಾಯಿಯ ಕೈಯಲ್ಲಿದ್ದ ಬೆಳ್ಳುಳ್ಳಿ ಕೆಳಗೆ ಬಿತ್ತು.

ಮೂರು ಮದುವೆಗಳಿಂದ ಒಳ್ಳೊಳ್ಳೆಯ ತುಣುಕು ಆಯ್ದು ಎರಡು ನಿಮಿಷದ ವಿಡಿಯೊ ಕೂಡಿಸಿ ಏರಿಸಿದ್ದಾಯಿತು. ಇನ್ನು ನೌಬಾದಕ್ಕೆ ಕಳಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಅಮಿತಕುಮಾರ, "ಓಡ್ತದೋ ಇಲ್ಲೋ ನೋಡಲಕ್ಕ ನಮ್ಮ ಭಾಲ್ಕಿ ಗ್ರೂಪಿನಾಗ ಹಾಕೀನ್ರಿ," ಎಂದು ಹಲ್ಲು ಕಿರಿದ.

ಓಡಿತು. ಭಾಲ್ಕಿ ದಾಟಿ ಔರಾದಕ್ಕೂ ಓಡಿತು. ಮೊದಲ ಫೋನು ಔರಾದದ ಮಡೆಪ್ಪನದು. ಅವನ ಮಗ ಸತೀಶಕುಮಾರನ ಮದುವೆಯೇ ವಿಡಿಯೊದ ಮೊದಲ ತುಣುಕು.

"ಏನ್ರಿ ಇದು, ನಮ್ಮಣ್ಣ ಎಲ್ಲಿ ಹೋದಾ? ಬೀಗರ ಮುಖಾನೇ ತುಂಬ್ಯಾವ! ಅಣ್ಣ ಊಟ ಬಿಟ್ಟು ಕುಂತಾನ. ಹಾಕಿದ್ರ ಎಲ್ಲಾರ್ನೂ ಹಾಕ್ರಿ, ಇಲ್ಲಂದ್ರ ನಮ್ಮ ಮಂದಿ ಮುಖ ಯಾರ್ದೂ ಬ್ಯಾಡ."

ಮಡೆಪ್ಪನ ಕಡೆಯವರು ಕುರಿ ಹಿಂಡಿನಷ್ಟಿದ್ದರು, ಎರಡು ನಿಮಿಷದಲ್ಲಿ ತೂರುವ ಪೈಕಿಯಲ್ಲ. ಸಂಘಪಾಲ ಅವರ ಮುಖಗಳನ್ನೆಲ್ಲ ಕತ್ತರಿಸಿದ. ಆ ಹೊತ್ತಿಗೆ ಎದುರು ಬಳೆ ಅಂಗಡಿಯ ಮಹಮೂದಾ ಬೇಗಂ ಏದುಸಿರು ಬಿಡುತ್ತ ಬಂದರು.

"ಅರೆ ಭಾಯಿ, ನಾ ಎರಡನೇ ಸಲ ಬೆಲ್ಲದ ಹುಗ್ಗಿ ಹಾಕಿಸ್ಕೊಳ್ಳೂದೇ ತೋರಸ್ಬೇಕೇನಪಾ? ನನಗ ಸಕ್ರಿ ಬೇನಿ ಅದ! ಮಗಳು ನರ್ಸ್ ಇದಾಳ. ನೋಡಿದ್ರ ನಾಳಿಂದ ಚಹಾನೂ ಬಂದ್ ಮಾಡ್ತಾಳ. ಜಲ್ದಿ ತೆಗಿ!"

ವಿಡಿಯೊದಿಂದ ಮಹಮೂದಾ ಬೇಗಂ ಹೋದರು, ಹುಗ್ಗಿ ಉಳಿಯಿತು. ಆಮೇಲೆ ವಿಡಿಯೊದ ಇನ್ನೊಬ್ಬ ಮದುಮಗ, ಬಗದಲ್ ಊರಿನ ಪಂಢರಿ. ಅವನ ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿದ್ದಳು. "ನಾ ಅಳ್ತಾ ಕೂತೀನಿ, ನೀವು ನನ್ನ ನಗೂ ಮುಖ ಊರಿಗೆಲ್ಲಾ ತೋರಸ್ಲಕತ್ತೀರಿ. ಇದು ಸರಿನೇನ್ರಿ?" ಎಂದು ಫೋನಿನಲ್ಲೇ ಬಿಕ್ಕಿದ. ಅವನನ್ನು ಸಮಾಧಾನ ಮಾಡುವುದಕ್ಕೇ ಒಂದು ಚಹಾ ತಣ್ಣಗಾಯಿತು.

ಹೊತ್ತು ಇಳಿಯುತ್ತಿತ್ತು. ಸಂಘಪಾಲನಿಗೆ ಸಿಟ್ಟು ಬಂತು, ಅಳು ಬಂತು, ಕೊನೆಗೆ ಹಟವೇ ಗೆದ್ದಿತು. "ಯಾರ ಮುಖಾನೂ ಬ್ಯಾಡ! ಮುಖ ಇಲ್ಲದಂಗೇ ಮಾಡಿ ತೋರಸ್ತೇನಿ," ಎಂದು ಹಳೆಯ ಮದುವೆಗಳನ್ನೆಲ್ಲ ಜಾಲಾಡಿದ. ಅವನಿಗೆ ಮೊದಲಿಂದಲೂ ಒಂದು ಅಭ್ಯಾಸ. ಯಾವ ಮದುವೆಯಲ್ಲಾದರೂ ಅತ್ತೆಯ ಒಲೆಯ ಬಳಿ ಸುಳಿದಾಡಿ, ಬಿಸಿಬಿಸಿ ಏನಾದರೂ ಬಾಯಿಗೆ ಬೀಳುವವರೆಗೆ ಅಲ್ಲೇ ಕ್ಯಾಮೆರಾ ಆಡಿಸುತ್ತಿದ್ದ. ಈಗ ಅದೇ ಕೈ ಹಿಡಿಯಿತು. ರೊಟ್ಟಿ ಬಡಿಯುವ ಕೈಗಳು, ಕೊಪ್ಪರಿಗೆಯಲ್ಲಿ ಕುದಿಯುವ ಹುಗ್ಗಿ, ಅದರ ಮೇಲೆ ಜಾರುವ ತುಪ್ಪ, ಎಣ್ಣೆಯಲ್ಲಿ ಮಿಂಚುವ ಬದನೆಕಾಯಿ ಎಣಗಾಯಿ, ಹಬೆಯ ಹಿಂದೆ ಸಂಜೆಯ ಬಿಸಿಲು. ಆಕ್ಷೇಪ ಎತ್ತಲು ಬದನೆಕಾಯಿಗೆ ಅಣ್ಣತಮ್ಮಂದಿರಿರಲಿಲ್ಲ. ನಿಜ ಹೇಳಬೇಕೆಂದರೆ, ಅವನು ಇಷ್ಟು ಒಳ್ಳೆಯ ವಿಡಿಯೊವನ್ನು ಜನ್ಮದಲ್ಲೇ ಕೂಡಿಸಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಲಿಂಕು ನೌಬಾದಕ್ಕೆ ಹೋಯಿತು. ತುಸು ಹೊತ್ತಿಗೆ ಫೋನು ಬಂತು. ಅಮಿತಕುಮಾರ, ಮಹಮೂದಾ ಬೇಗಂ, ಅತ್ತೆ ಮೂವರೂ ಸುತ್ತ ನೆರೆದರು. ಸಂಘಪಾಲ ಸ್ಪೀಕರ್ ಹಾಕಿದ.

"ಸಂಘಪಾಲರ, ಟಿವಿಗೆ ಹಚ್ಚಿ ನೋಡೇವ್ರಿ," ಸುಶೀಲಕುಮಾರರ ದನಿಯಲ್ಲಿ ಉತ್ಸಾಹ ಉಕ್ಕುತ್ತಿತ್ತು. "ಮತ್ತ ಮತ್ತ ಹಾಕಿ ನೋಡೇವಿ. ಒವೈಸನ ವಿಡಿಯೊ ಒಂದೇ ಸಲ ನೋಡಿದ್ವಿ ನೋಡ್ರಿ. ಸಣ್ಣ ಹುಡುಗುರಂತೂ ಟಿವಿ ಬಿಟ್ಟು ಏಳವಲ್ವು."

ಸಂಘಪಾಲನ ಕಣ್ಣು ತುಂಬಿತು. ಅಮಿತಕುಮಾರ ಅವನ ಬೆನ್ನಿಗೆ ಗುದ್ದಿದ.

"ಅದಕ್ಕ ಎಲ್ಲಾರೂ ಕೂಡಿ ಒಂದು ನಿಕ್ಕಿ ಮಾಡೇವ್ರಿ. ಫೋಟೊ, ವಿಡಿಯೊ ಒವೈಸಗ ಹೇಳೇವಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ಮ ವಿಡಿಯೊದಾಗ ಮದುಮಕ್ಕಳ ಮುಖಾನೇ ಇಲ್ಲಂತ ಉಜ್ವಲಾ ಅಂದ್ಳು. ಆದ್ರ ಅಡಗಿ ಮಾತ್ರ ವಿಡಿಯೊದಾಗಿನವರದೇ ಆಗ್ಬೇಕು! ಆ ಹುಗ್ಗಿ ಮಾಡಿದವರು ಯಾರ್ರಿ? ನಂಬರ್ ಕೊಡ್ರಿ."

ಸಂಘಪಾಲ ಸ್ಪೀಕರ್ ಬಂದ್ ಮಾಡಲು ಬೆರಳು ಚಾಚಿದ. ಕೇಶರಬಾಯಿ ಬೆಳ್ಳುಳ್ಳಿ ವಾಸನೆಯ ಕೈಯಿಂದಲೇ ಫೋನು ಕಸಿದುಕೊಂಡು, "ನಾನೇ ಕೇಶರಬಾಯಿ ಮಾತಾಡ್ತೇನ್ರಿ ಸಾಹೇಬ್ರ. ಎಷ್ಟು ಮಂದಿಗಿ ಮಾಡ್ಬೇಕ್ರಿ?" ಎಂದಳು.

ರಾತ್ರಿಯ ಊಟಕ್ಕೆ ಮೊದಲೇ ಅದೇ ಲಿಂಕು ನೋಡಿದವರಿಂದ ಆಕೆಗೆ ಇನ್ನೆರಡು ಮದುವೆಗಳು ಬಂದವು. ಸಂಘಪಾಲ ಮರೆಗೆ ಹೋಗಿ ವಿಶ್ವಾಸನಿಗೆ ಫೋನು ಮಾಡಿದ.

"ಮಾಮಾ, ನೀವು ಬ್ಯಾಡಂದ ಮ್ಯಾಲ ಆ ಜಾಗಾ ಬ್ಯಾರೆಯವರಿಗೆ ಹೋಯ್ತಲ್ರಿ," ಎಂದ ವಿಶ್ವಾಸ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಬೈಯಲಿಲ್ಲ. "ಅಳಿಯಾ, ಈಗ ಕೆಲಸ ಭಾಳ ಆಗ್ಯಾದ. ಬಡಸಲಕ್ಕ ನನಗೂ ಒಬ್ಬ ನಂಬಿಗಸ್ತ ಮನಷ್ಯಾ ಬೇಕು," ಎಂದಳು ಅಷ್ಟೇ.

ಉಜ್ವಲಾಳ ಮದುವೆಯಲ್ಲಿ ಸಂಘಪಾಲ ಸೊಂಟಕ್ಕೆ ಟವೆಲ್ ಸುತ್ತಿ, ಹುಗ್ಗಿಯ ಬಕೀಟು ಹಿಡಿದು ಪಂಕ್ತಿಯಲ್ಲಿ ಬಡಿಸುತ್ತಿದ್ದ. ಎದುರಿಗೆ ಒವೈಸ ಕ್ಯಾಮೆರಾ ಹಿಡಿದು ನಿಂತ.

"ಸಂಘಪಾಲಣ್ಣಾ, ಬಕೀಟು ಸ್ವಲ್ಪ ಮ್ಯಾಲ ಎತ್ರಿ. ಹಾಂ, ನಗ್ರಿ."

ಸಂಘಪಾಲನಿಗೆ ತಡೆಯಲಾಗಲಿಲ್ಲ. "ತಮ್ಮಾ, ಬೆಳಕು ನನ್ನ ಹಿಂದ ಅದ, ಮಾರಿ ಕರ್ರಗ ಬರ್ತದ. ಎಡಕ್ಕ ಬಂದು ಕುಕ್ಕರಗಾಲಿನಾಗ ಕೂತು ತೆಗಿ."

ಒವೈಸ ಹಾಗೆಯೇ ಕೂತು ತೆಗೆದು, ಕ್ಯಾಮೆರಾದ ಪರದೆ ನೋಡಿ ಕಣ್ಣರಳಿಸಿದ.

"ಮಾಷಾ ಅಲ್ಲಾ, ಏನ್ ಬಂದದ್ರಿ ಅಣ್ಣಾ! ನನ್ನ ವೆಬ್‌ಸೈಟಿನಾಗ ಎಲ್ಲಕ್ಕೂ ಮೊದಲ ಇದನ್ನೇ ಹಾಕ್ತೇನಿ."