ಹಂಪಾಪುರದ ರೋಬಾಟ್

ಎದುರಿಗೆ ಮನುಷ್ಯರು ನಿಂತು ಕೇಳಿದರೆ ನಾನು ಸುಳ್ಳು ಹೇಳುವವನಲ್ಲ. ಸತ್ಯದ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಸಿಕ್ಕಿಬೀಳುವ ಭಯ ನನ್ನನ್ನು ಕಾಪಾಡಿಕೊಂಡು ಬಂದಿದೆ. ಆದರೆ ಒಂದು ಅರ್ಜಿ ನಮೂನೆಯನ್ನು ಮುಂದಿಟ್ಟು, ಅದರಲ್ಲಿ ‘ವಿವರಿಸಿ’ ಎಂದು ಬರೆದು, ಕೆಳಗೆ ಖಾಲಿ ಜಾಗ ಬಿಟ್ಟರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಣಸೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದುದರ ಫಲ ಇದು. ಸುತ್ತಮುತ್ತ ಯಾವ ಹೆಡ್‌ಮಾಸ್ಟರು ನಿವೃತ್ತರಾದರೂ ಬಿನ್ನವತ್ತಳೆ ಬರೆದುಕೊಡುತ್ತಿದ್ದವನು ನಾನೇ. ಒಮ್ಮೆಯೂ ಹತ್ತೂವರೆಗೆ ಮುಂಚೆ ಶಾಲೆಗೆ ಬಾರದವರೊಬ್ಬರನ್ನು ‘ಕಾಲನಿಷ್ಠೆಯಲ್ಲಿ ಉದಯರವಿ’ ಎಂದು ಬರೆದು, ಸಭೆಯೆಲ್ಲ ನಕ್ಕಾಗ ಮೆಚ್ಚುಗೆಯೆಂದು ತಿಳಿದು ಕೈಮುಗಿದಿದ್ದೇನೆ. ಹಾಲು ಕೊಡುವವನಿಗೆ ನಾಳೆ ಹಾಲು ಬೇಡವೆಂದು ಚೀಟಿ ಬರೆದಿಟ್ಟರೂ ಅದಕ್ಕೊಂದು ಪೀಠಿಕೆ ಇರುತ್ತದೆ ಎನ್ನುವುದು ನನ್ನ ಹೆಂಡತಿಯ ದೂರು. ಆತ ಪೀಠಿಕೆಯನ್ನಷ್ಟೇ ಓದಿ ಹಾಲು ಹಾಕಿ ಹೋದ ದಿನಗಳೂ ಇವೆ.

ಇಂಥ ನನ್ನನ್ನು ಜಯಮ್ಮನವರು ತಮ್ಮ ಟ್ರಸ್ಟಿಗೆ ಕಾರ್ಯದರ್ಶಿಯಾಗಿ ಮಾಡಿಕೊಂಡರು. ಜಯಮ್ಮನವರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಹೀಗೆ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ನರ್ಸು. ಈ ಕಡೆಯ ಅರ್ಧ ಜನಕ್ಕೆ ಚಿಕ್ಕಂದಿನಲ್ಲಿ ಸೂಜಿ ಚುಚ್ಚಿದವರು ಅವರೇ. ಈಗಲೂ ಬಸ್ಸಿನಲ್ಲಿ ಅವರನ್ನು ಕಂಡರೆ ಮೀಸೆ ಬಂದ ಗಂಡಸರು ಥಟ್ಟನೆ ಎದ್ದು ಜಾಗ ಬಿಡುತ್ತಾರೆ. ಗೌರವವೋ, ಹಳೆಯ ನೋವಿನ ನೆನಪೋ ಗೊತ್ತಿಲ್ಲ. ನಿವೃತ್ತಿಯಾದ ಮೇಲೆ ಅವರು ಎಚ್.ಡಿ. ಕೋಟೆ ಕಡೆಯ ಹಂಪಾಪುರದಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದು, ಕೂಲಿ ಮಾಡುವ ಮನೆಗಳ ಹೆಂಗಸರಿಗೆ ಸುಟ್ಟುಹೋದ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವುದನ್ನು ಕಲಿಸಲು ಶುರುಮಾಡಿದರು. ಹೊಲಿಗೆ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ, ಊರಲ್ಲಿ ರವಿಕೆಗಿಂತ ಮೋಟಾರು ಹೆಚ್ಚು ಕೆಡುತ್ತವೆ ಎಂಬುದು ಅವರ ಲೆಕ್ಕಾಚಾರ.

ಅಲ್ಲಿ ಕಲಿಸುತ್ತಿದ್ದವಳು ಮಂಜುಳ. ಇವಳ ಕಥೆ ಹೇಳಲೇಬೇಕು. ಮೈಸೂರಿನ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕಸ ಗುಡಿಸಲು ಸೇರಿದವಳು, ಗುಡಿಸುತ್ತ ಗುಡಿಸುತ್ತ ನೋಡಿಕೊಂಡು, ಕೊನೆಗೊಂದು ದಿನ ಮಾಲೀಕ ಊಟಕ್ಕೆ ಹೋದಾಗ ತಾನೇ ಒಂದು ಮೋಟಾರಿನ ತಂತಿಯ ಕಾಯಿಲು ಸುತ್ತಿಟ್ಟಿದ್ದಳಂತೆ. ಮಾಲೀಕ ಬಂದು ನೋಡಿ ಯಾರು ಸುತ್ತಿದ್ದೆಂದು ಕೇಳಿ, ಇವಳೆಂದು ತಿಳಿದ ಮೇಲೆ ಪೊರಕೆಯನ್ನು ತಾನು ತೆಗೆದುಕೊಂಡನಂತೆ. ಜಯಮ್ಮನವರು ಅವಳನ್ನು ಹುಡುಕಿ ಕರೆತಂದರು. ಅವಳ ಕೈಕೆಳಗೆ ಎಂಟು ಮಂದಿ ಹೆಂಗಸರು ಕಲಿಯುತ್ತಿದ್ದರು. ಎಲ್ಲರೂ ಅದಕ್ಕೆ ಮೊದಲು ಬೆಳಗಾದರೆ ಜೀಪಿನಲ್ಲಿ ಕುರಿಗಳ ಹಾಗೆ ತುಂಬಿಕೊಂಡು ಕೊಡಗಿನ ತೋಟದ ಕೂಲಿಗೆ ಹೋಗುತ್ತಿದ್ದವರು. ಅದುವರೆಗೆ ನೆರವು ಕೊಡುತ್ತಿದ್ದ ಸಂಸ್ಥೆ ಆ ವರ್ಷಕ್ಕೆ ನಿಲ್ಲಿಸುವುದಾಗಿ ತಿಳಿಸಿತ್ತು. ಬೇರೆ ಕಡೆಯಿಂದ ಅನುದಾನ ಸಿಗದಿದ್ದರೆ ಶೆಡ್ಡಿಗೆ ಬೀಗ, ಹೆಂಗಸರಿಗೆ ಮತ್ತೆ ಜೀಪು.

ಹೀಗಿರುವಾಗ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆ, ಹಿಂದುಳಿದ ಸಮುದಾಯದವರಿಗೆ ಭವಿಷ್ಯದ ಉದ್ಯೋಗ ಕೌಶಲಗಳನ್ನು ಕಲಿಸುವ ಟ್ರಸ್ಟುಗಳಿಂದ ಅರ್ಜಿ ಕರೆಯಿತು. ಕನ್ನಡದಲ್ಲೂ ತುಂಬಬಹುದೆಂದು ಇದ್ದದ್ದು ನೋಡಿ ನನಗೆ ರೆಕ್ಕೆ ಬಂತು. ಜಯಮ್ಮನವರು ಎಲ್ಲವನ್ನೂ ನನಗೇ ವಹಿಸಿದರು. ಕಂಪ್ಯೂಟರಿನ ಮುಂದೆ ಕೂತೆ. ಮೊದಲ ಪುಟ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ, ‘ನೀವು ಕಲಿಸುವ ಭವಿಷ್ಯದ ಕೌಶಲವನ್ನು ಕೆಳಗಿನ ಪಟ್ಟಿಯಿಂದ ಆರಿಸಿ’ ಎಂದಿತ್ತು. ಪಟ್ಟಿಯಲ್ಲಿ ಕೃತಕ ಬುದ್ಧಿಮತ್ತೆ ಇತ್ತು, ಡೇಟಾ ಇತ್ತು, ರೋಬಾಟಿಕ್ಸ್ ಇತ್ತು, ಹಸಿರು ಉದ್ಯೋಗ ಇತ್ತು. ಮೋಟಾರು ರಿಪೇರಿ ಇರಲಿಲ್ಲ. ಎಲ್ಲ ಸರ್ಕಾರಿ ನಮೂನೆಗಳಲ್ಲೂ ನಮ್ಮಂಥವರಿಗೆಂದೇ ಇಟ್ಟಿರುವ ‘ಇತರೆ’ ಕೂಡ ಇರಲಿಲ್ಲ. ಏನನ್ನೂ ಆರಿಸದೆ ಮುಂದೆ ಹೋಗೋಣವೆಂದರೆ ಕೆಂಪು ಅಕ್ಷರದಲ್ಲಿ ಗದರಿತು. ಶೆಡ್ಡಿನ ಗೋಡೆಗೆ ಹಸಿರು ಬಣ್ಣ ಹೊಡೆದಿರುವುದರಿಂದ ಹಸಿರು ಉದ್ಯೋಗ ಎನ್ನಲೇ ಎಂದು ಯೋಚಿಸಿದೆ. ಆಮೇಲೆ, ಮೋಟಾರು ತಿರುಗುತ್ತದೆ, ರೋಬಾಟಿನ ಒಳಗೂ ಏನೋ ತಿರುಗುತ್ತದಲ್ಲ ಎಂಬ ತರ್ಕದ ಮೇಲೆ ರೋಬಾಟಿಕ್ಸ್ ಒತ್ತಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಬರೀ ತಪ್ಪು ಎನ್ನಬಹುದಿತ್ತು. ಅದರ ಕೆಳಗೆ ‘ವಿವರಿಸಿ’ ಎಂದಿತ್ತು. ಗ್ರಾಮೀಣ ಮಹಿಳೆಯರ ಕೋಮಲ ಕರಗಳಲ್ಲಿ ಯಂತ್ರಮಾನವ ಯುಗ ಮೊಗ್ಗೊಡೆಯುತ್ತಿದೆ ಎಂದು ಆರಂಭಿಸಿದೆ. ನಮ್ಮ ಕೇಂದ್ರದಲ್ಲಿ ಒಂದು ಮಾದರಿ ರೋಬಾಟು ಸಿದ್ಧವಾಗುತ್ತಿದೆ ಎಂದು ಮುಗಿಸಿದೆ. ಬರೆಯುವಾಗ ಎಷ್ಟು ತನ್ಮಯನಾಗಿದ್ದೆನೆಂದರೆ, ನನ್ನ ಕಣ್ಣಿಗೆ ಆ ರೋಬಾಟು ಸೆರಗು ಹೊದ್ದು ನಿಂತಂತೆ ಕಾಣಿಸಿ ಸಂತೋಷವಾಯಿತು. ಜಯಮ್ಮನವರು ಸಹಿ ಹಾಕುವಾಗ ಓದಲಿಲ್ಲ. ಮೇಷ್ಟ್ರು ಬರೆದ ಮೇಲೆ ಓದುವುದೇನಿದೆ ಎಂದುಬಿಟ್ಟರು.

ತಿಂಗಳು ಕಳೆದು ಫೋನು ಬಂತು. ಅರ್ಜಿ ಮೊದಲ ಸುತ್ತಿನಲ್ಲಿ ಆಯ್ಕೆಯಾಗಿದೆ, ನಿವೇದಿತಾ ಎಂಬ ಅಧಿಕಾರಿ ಬುಧವಾರ ಹಂಪಾಪುರಕ್ಕೆ ಬಂದು ರೋಬಾಟು ನೋಡುತ್ತಾರೆ ಎಂದರು. ನಾನು ‘ಆಗಲಿ, ಸಂತೋಷ’ ಎಂದೆ. ಫೋನು ಇಟ್ಟ ಮೇಲೆ ಊಟ ಸೇರಲಿಲ್ಲ. ಹೆಂಡತಿ ವಿಷಯ ತಿಳಿದು, ಬಿನ್ನವತ್ತಳೆಯಾದರೆ ಓದಿ ಗೋಡೆಗೆ ನೇತುಹಾಕುತ್ತಾರೆ, ಅರ್ಜಿಯನ್ನು ಹಿಡಿದುಕೊಂಡು ಮನೆಗೇ ಬರುತ್ತಾರೆ, ಅಷ್ಟು ಗೊತ್ತಾಗಲಿಲ್ಲವೇ ಎಂದು ಕೇಳಿದಳು. ಬುಧವಾರದೊಳಗೆ ನನಗೆ ಜ್ವರ ಬರಬಹುದೆಂದು ಕಾದೆ. ಬರಲಿಲ್ಲ. ಬೇಡವಾದಾಗ ವಾರಗಟ್ಟಲೆ ಕಾಡುವ ಕೆಮ್ಮು ಕೂಡ ಮಾಯವಾಗಿತ್ತು.

ಬುಧವಾರ ನಾನೂ ಜಯಮ್ಮನವರೂ ಹುಣಸೂರಿನಿಂದ ಬಾಡಿಗೆ ಕಾರಿನಲ್ಲಿ ಹೊರಟೆವು. ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು ಗೆಲುವಾಗಿದ್ದರು. ನಾನು ಕಿಟಕಿಯ ಹೊರಗೇ ನೋಡುತ್ತ ಕೂತೆ. ಹ್ಯಾಂಡ್‌ಪೋಸ್ಟ್ ಎಂಬ ಊರು ದಾಟುವಷ್ಟರಲ್ಲಿ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಕೋಮಲ ಕರಗಳನ್ನೂ ಬಿಡಲಿಲ್ಲ. ಅವರು ಬೈಯಲಿಲ್ಲ. ಡ್ರೈವರಿಗೆ ಟೀ ಅಂಗಡಿಯ ಹತ್ತಿರ ನಿಲ್ಲಿಸಲು ಹೇಳಿ, ಟೀ ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ಮಾತಾಡಿದರು.

“ಮೇಷ್ಟ್ರೇ, ಸೂಜಿ ಚುಚ್ಚೋವಾಗ ನೋಯಕ್ಕಿಲ್ಲ ಕಣಪ್ಪ ಅಂತ ನಾನೂ ಮಕ್ಳಿಗೆ ಸುಳ್ಳು ಹೇಳಿವ್ನಿ. ಒಂದಲ್ಲ, ಸಾವಿರ ಸಲ ಹೇಳಿವ್ನಿ. ಆದ್ರೆ ಸೂಜಿ ಒಳಗಿನ ಔಸ್ತಿ ಮಾತ್ರ ಯಾವತ್ತೂ ಸರಿಯಾದ್ದೇ. ನೀವು ಔಸ್ತಿಲೇ ಸುಳ್ಳು ಬೆರೆಸಿದ್ರಲ್ಲ.”

ಆ ಅಧಿಕಾರಿ ಏನನ್ನೂ ನೋಡುವುದಕ್ಕೆ ಮೊದಲೇ ನಾನೇ ಬಾಯಿಬಿಟ್ಟು ನಿಜ ಹೇಳಬೇಕೆಂದು ಅವರು ತೀರ್ಮಾನಿಸಿದರು. ಉಳಿದ ದಾರಿಯುದ್ದಕ್ಕೂ ನಾನು ತಪ್ಪೊಪ್ಪಿಗೆಯನ್ನು ಮನಸ್ಸಿನಲ್ಲೇ ರಚಿಸಿದೆ. ಹಂಪಾಪುರ ಬರುವ ಹೊತ್ತಿಗೆ ಅದಕ್ಕೂ ಒಂದು ಪೀಠಿಕೆ ಸೇರಿಕೊಂಡಿತ್ತು.

ಹೋಗಿ ನೋಡಿದರೆ ನಿವೇದಿತಾ ನಮಗಿಂತ ಮೊದಲೇ ಬಂದಿದ್ದರು. ಮೂವತ್ತು ದಾಟಿರದ ಹೆಣ್ಣುಮಗಳು. ಶೆಡ್ಡಿನ ಮೂಲೆಯಲ್ಲಿ ತಲೆಕೆಳಗಾಗಿಟ್ಟ ಬಕೆಟ್ಟಿನ ಮೇಲೆ ಕೂತಿದ್ದರು. ನಾವು ತರಿಸಿಟ್ಟಿದ್ದ ಹಾರ ಇನ್ನೊಂದು ಬಕೆಟ್ಟಿನಲ್ಲಿ ನೀರಿನೊಳಗೆ ಇತ್ತು. ಯಾರೂ ಅವರನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದ ಹಳ್ಳಿಗೆ ಕುಡಿಯುವ ನೀರು ಎತ್ತುವ ಬೋರ್‌ವೆಲ್ಲಿನ ಮೋಟಾರು ಸುಟ್ಟು, ನೀರುಗಂಟಿ ಎರಡು ದಿನದ ಹಿಂದೆ ತಂದು ಹಾಕಿದ್ದ. ಮಂಜುಳ ಮತ್ತು ಅವಳ ಶಿಷ್ಯೆಯರು ಹೊಸ ತಂತಿ ಸುತ್ತಿ ಮುಗಿಸಿ, ಕೊನೆಯ ಪರೀಕ್ಷೆಗೆ ತೊಡಗಿದ್ದರು. ನಾನು ಮುಂದೆ ಹೋಗಿ ಗಂಟಲು ಸರಿಮಾಡಿಕೊಂಡು “ಮಾನ್ಯರೇ” ಎಂದು ಆರಂಭಿಸಿದೆ.

“ಒಸಿ ಸುಮ್ನಿರಿ ಮೇಷ್ಟ್ರೇ,” ಎಂದಳು ಮಂಜುಳ, ತಲೆ ಎತ್ತದೆ. “ಬಲ್ಬು ನೋಡ್ಬೇಕು.”

ಕರೆಂಟಿಗೆ ಸಿಕ್ಕಿಸಿದ ಒಂದು ಬಲ್ಬಿನಿಂದ ಹೊರಟ ಎರಡು ವೈರುಗಳಲ್ಲಿ ಒಂದರ ತುದಿಯನ್ನು ಅವಳು ಮೋಟಾರಿನ ತಾಮ್ರದ ತಂತಿಗೂ ಇನ್ನೊಂದರ ತುದಿಯನ್ನು ಕಬ್ಬಿಣದ ಮೈಗೂ ಮುಟ್ಟಿಸಿದಳು. ಎಂಟೂ ಹೆಂಗಸರು ಉಸಿರು ಬಿಗಿಹಿಡಿದು ಬಲ್ಬನ್ನೇ ನೋಡಿದರು. ನಾನೂ ನೋಡಿದೆ. ಬಲ್ಬು ಹತ್ತಲಿಲ್ಲ. ಜಾಗ ಬದಲಾಯಿಸಿ ಮುಟ್ಟಿಸಿದಳು. ಆಗಲೂ ಹತ್ತಲಿಲ್ಲ. ರೋಬಾಟಂತೂ ಇಲ್ಲ, ಇರುವ ಒಂದು ಮೋಟಾರೂ ಅಧಿಕಾರಿಯ ಎದುರಿಗೇ ಕೈಕೊಟ್ಟಿತಲ್ಲ ಎಂದು ಗಾಬರಿಯಾಗಿ, ಇವತ್ತು ಹಳ್ಳಿಯಲ್ಲಿ ವೋಲ್ಟೇಜು ಕಡಿಮೆ ಇರಬೇಕು, ಸಾಮಾನ್ಯವಾಗಿ ಬಲ್ಬು ಬಹಳ ಚೆನ್ನಾಗಿ ಉರಿಯುತ್ತದೆ ಎಂದು ನಿವೇದಿತಾ ಅವರಿಗೆ ಸಮಾಧಾನ ಹೇಳಿದೆ.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಕರೆಂಟು ಮೋಟಾರಿನ ಮೈಗೆ ಸೋರುತ್ತಿದ್ದರೆ ಮಾತ್ರ ಬಲ್ಬು ಹತ್ತುತ್ತದೆಯಂತೆ. ಹತ್ತದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥವಂತೆ. ಇದನ್ನು ನನಗೆ ವಿವರಿಸಿದವಳು, ಸೇರಿ ಎರಡು ತಿಂಗಳೂ ಆಗದ ಒಬ್ಬ ಶಿಷ್ಯೆ. ನಾನು ಆ ಕೇಂದ್ರದ ಕಾರ್ಯದರ್ಶಿಯಾಗಿ ಎರಡು ವರ್ಷವಾಗಿತ್ತು.

ಮೋಟಾರನ್ನು ಜೋಡಿಸಿ ಲಗೇಜ್ ಆಟೋಕ್ಕೆ ಹಾಕಿ, ನೀರುಗಂಟಿ ಹೊರಟ ಮೇಲೆ, ನಿವೇದಿತಾ ಬಕೆಟ್ಟಿನಿಂದ ಎದ್ದು ನನ್ನ ಹತ್ತಿರ ಬಂದರು. “ಸರ್, ರೋಬಾಟ್ ಎಲ್ಲಿ?” ಎಂದು ಮೆತ್ತಗೆ ಕೇಳಿದರು. ಜಯಮ್ಮನವರು ಪಕ್ಕದಲ್ಲೇ ನಿಂತಿದ್ದರು. ರಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ರೋಬಾಟ್ ಇಲ್ಲ, ಸುಳ್ಳು ಬರೆದವನು ನಾನು, ಜಯಮ್ಮನವರಿಗೆ ಇವತ್ತು ಬೆಳಿಗ್ಗೆಯವರೆಗೆ ಗೊತ್ತಿರಲಿಲ್ಲ, ಇಲ್ಲಿ ಕಲಿಸುವುದು ಈಗ ನೀವು ನೋಡಿದ್ದಷ್ಟೇ ಎಂದೆ. ನನ್ನ ಜೀವಮಾನದಲ್ಲೇ ಅಷ್ಟು ಚಿಕ್ಕ ಭಾಷಣ ಮಾಡಿದವನಲ್ಲ.

ಅರ್ಜಿಯಲ್ಲಿದ್ದ ಆ ಪಟ್ಟಿ ಮಾಡಿದವಳು ತಾನೇ ಎಂದು ಅವರು ಹೇಳಿದರು. ಬಂದ ಅರ್ಜಿಗಳಲ್ಲಿ ಮುಕ್ಕಾಲು ಪಾಲು ರೋಬಾಟಿಕ್ಸ್ ಎಂದೇ ಇದ್ದು, ಇದು ತಾನು ನೋಡಲು ಬಂದ ಐದನೆಯ ಊರಂತೆ. ಇದುವರೆಗೆ ಎಲ್ಲಿಯೂ ರೋಬಾಟು ಕಾಣಿಸಿರಲಿಲ್ಲವಂತೆ. ಒಂದು ಕಡೆಯಂತೂ ರೋಬಾಟು ರಿಪೇರಿಗೆ ಹೋಗಿದೆ ಎಂದಿದ್ದರಂತೆ. ನನಗೆ ಜೀವ ಬಂದಂತಾಗಿ ನಗಲು ಶುರುಮಾಡಿದೆ. ಆದರೆ ಅವರು ನಗಲಿಲ್ಲ.

“ಆದ್ರೂ ಈ ಅರ್ಜಿನ ನಾನು ಮುಂದೆ ಕಳಿಸೋಕಾಗಲ್ಲ ಸರ್. ಇದರಲ್ಲಿ ಇಲ್ಲದ್ದು ಇದೆ. ಶುಕ್ರವಾರದೊಳಗೆ ಹೊಸದಾಗಿ ಬರೆದು ಕೊಡಿ. ಪಟ್ಟಿ ಬೇಡ, ಏನೂ ಬೇಡ. ಒಂದೇ ಪುಟ. ಸಿಗುತ್ತೆ ಅಂತ ನಾನು ಮಾತು ಕೊಡಲ್ಲ.”

ಒಂದೇ ಪುಟ. ನನ್ನ ಬರವಣಿಗೆಯಲ್ಲಿ ಅದು ಸಂಬೋಧನೆಗೇ ಸಾಲದು. ಗುರುವಾರ ಜಯಮ್ಮನವರ ಮನೆಗೆ ಹೋಗಿ, ನೀವೇ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದೆ. ಅವರು ಹುರುಳಿಕಾಯಿ ಬಿಡಿಸುತ್ತ ಹೇಳಿದರು. ಯಾವ ಹೆಂಗಸರು, ಮೊದಲು ಏನು ಮಾಡುತ್ತಿದ್ದರು, ಈಗ ಏನು ಮಾಡುತ್ತಾರೆ, ಏನೇನು ಸಾಮಾನು ಬೇಕು, ಇಷ್ಟೇ. ಭವಿಷ್ಯದ ಬಗ್ಗೆ ಒಂದು ಮಾತಾದರೂ ಇರಬೇಕಲ್ಲ ಎಂದು ನಾನು ಗೋಗರೆದೆ. ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

“ಇನ್ಮುಂದೆ ಸೋಲಾರ್ ಪಂಪು ಬತ್ತವೆ. ಅದೂ ಕೆಡ್ತದೆ. ಅದಾದ್ಮೇಲೆ ಇನ್ನೇನೋ ಬತ್ತದೆ, ಅದೂ ಕೆಡ್ತದೆ. ನಿಮ್ಮ ರೋಬಾಟ್ ಬಂದ್ರೆ ಅದೂ ಕೆಡ್ತದೆ ಕಣ್ರೀ. ಸರಿ ಮಾಡೋರು ಬೇಕೇ ಬೇಕಲ್ಲ, ಅವರು ನಮ್ಮ ಹೆಂಗಸ್ರೇ ಆಗ್ಲಿ ಅಂತ ಬರೀರಿ.”

ಬರೆದೆ. ‘ಮಹತ್ತರ’ ಎಂಬ ಒಂದು ಪದವನ್ನಾದರೂ ಎಲ್ಲಾದರೂ ತೂರಿಸೋಣವೆಂದು ನೋಡಿದೆ. ಜಾಗ ಸಿಗಲಿಲ್ಲ. ಈ ಸಲ ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಹಾಕಿದರು.

ಆಮೇಲಿನ ಐದು ವಾರ ನಾನು ಹಂಪಾಪುರದ ಕಡೆ ತಲೆ ಹಾಕಲಿಲ್ಲ. ನನ್ನಿಂದಾಗಿ ಎಂಟು ಮಂದಿ ಮತ್ತೆ ಜೀಪು ಹತ್ತಬೇಕಾದೀತೆಂಬ ಯೋಚನೆ ಬಿಡುತ್ತಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಜಯಮ್ಮನವರೇ ಫೋನು ಮಾಡಿ, ಮೂರು ವರ್ಷಕ್ಕೆ ಮಂಜೂರಾಗಿದೆ, ಸೋಲಾರ್ ಪಂಪಿನ ಸಾಮಾನೂ ಬರುತ್ತದೆ, ಕೆ.ಆರ್. ನಗರದ ಕಡೆಯ ಭೇರ್ಯದಲ್ಲಿ ಇನ್ನೊಂದು ಶೆಡ್ಡು ತೆಗೆಯಬೇಕಂತೆ ಎಂದರು. ಹಾಗೇ ಜಗಲಿಯ ಮೇಲೆ ಕೂತೆ. ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯ ತನಕ ಇಳಿಯಿತು. ಹೆಂಡತಿ ಹೊರಗೆ ಬಂದು ನನ್ನ ಮುಖ ನೋಡಿದವಳೇ, ಏನನ್ನೂ ಕೇಳದೆ ಒಳಗೆ ಹೋಗಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದಳು. ಅಂದು ಮೂರು ಸಲ ಹಾಕಿಸಿಕೊಂಡು ತಿಂದೆ. ಮರುದಿನ ಹಂಪಾಪುರಕ್ಕೆ ಹೋದರೆ ಮಂಜುಳ ನನ್ನ ಕೈಗೆ ಬಲ್ಬಿನ ಒಂದು ವೈರು ಕೊಟ್ಟು, ಮೋಟಾರಿಗೆ ಮುಟ್ಟಿಸಿ ನೋಡಿ ಎಂದಳು. ಮುಟ್ಟಿಸಿದೆ. ಬಲ್ಬು ಹತ್ತಲಿಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ.

ಅನುದಾನದ ಸುದ್ದಿ ಹರಡಿ, ಹೋದ ವಾರ ಕೆ.ಆರ್. ನಗರದ ಕಡೆಯ ಒಂದು ಸಣ್ಣ ಟ್ರಸ್ಟಿನವರು ಮೂವರು ನಮ್ಮ ಮನೆಗೆ ಬಂದಿದ್ದರು. ಅರ್ಜಿ ಬರೆಯುವುದು ಹೇಗೆಂದು ನನ್ನಿಂದ ಕೇಳಿ ತಿಳಿಯಬೇಕಂತೆ. ನಾನು ಶಾಲು ಸರಿಪಡಿಸಿಕೊಂಡು ಕೂತೆ. ಅರ್ಜಿ ಚಿಕ್ಕದಾಗಿರಬೇಕು, ಸರಳವಾಗಿರಬೇಕು, ಅಲಂಕಾರ ಕೂಡದು ಎಂಬುದನ್ನು ಸೋದಾಹರಣವಾಗಿ ವಿವರಿಸಿದೆ. ಸಂಕ್ಷಿಪ್ತತೆಯ ಮಹತ್ವವನ್ನು ಹೇಳಿ ಮುಗಿಸುವ ಹೊತ್ತಿಗೆ ಎರಡು ಗಂಟೆ ಕಳೆದು, ಎರಡು ಸುತ್ತು ಕಾಫಿ ಆಗಿ, ಅವರಲ್ಲೊಬ್ಬರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಬಹಳ ಉಪಕಾರವಾಯಿತೆಂದು ಕೈಮುಗಿದು ಹೋದರು. ಮರುದಿನ ಬೆಳಿಗ್ಗೆ ಅವರಿಂದ ಫೋನು ಬಂತು. ಇನ್ನೂ ಏನೋ ಕೇಳುವುದು ಉಳಿದಿರಬೇಕೆಂದು ಉತ್ಸಾಹದಿಂದ ಎತ್ತಿಕೊಂಡೆ. ಅವರಿಗೆ ಬೇಕಾಗಿದ್ದದ್ದು ಜಯಮ್ಮನವರ ನಂಬರು.