ಸುಣ್ಣ ಹಾಕಿದ ಮೆಕ್ಸಿಕನ್ ರೊಟ್ಟಿ

ದೋಹಾದ ಮೆಕ್ಸಿಕನ್ ಹೋಟೆಲುಗಳೆಲ್ಲದರಿಂದಲೂ ಸವಿನಯವಾಗಿ ಹೊರಹಾಕಿಸಿಕೊಂಡ ಏಕೈಕ ಗದಗಿನವರು ನಮ್ಮ ಭಾವ. ಇದು ಉತ್ಪ್ರೇಕ್ಷೆಯೆಂದು ಯಾರಾದರೂ ಸಾಬೀತು ಮಾಡಿದರೆ ತಿದ್ದುಪಡಿ ಪ್ರಕಟಿಸಲು ಸಿದ್ಧನಿದ್ದೇನೆ. ಸುದ್ದಿಮನೆಯ ಅನ್ನ ತಿನ್ನುವವನಿಗೆ ಅಷ್ಟಾದರೂ ಜವಾಬ್ದಾರಿ ಬೇಕಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ತೈಲ ಕಂಪನಿಯಲ್ಲಿ ಎಂಜಿನಿಯರು, ವಾಸ ಖತಾರಿನ ಇನ್ನೊಂದು ತುದಿಯಲ್ಲಿರುವ ದುಖಾನಿನ ಕಂಪನಿ ಕ್ವಾರ್ಟರ್ಸಿನಲ್ಲಿ. ಇಲ್ಲಿಗೆ ಬರುವ ಮೊದಲು ಮೆಕ್ಸಿಕೋದ ಕಡಲತೀರದ ಎಣ್ಣೆಯೂರೊಂದರಲ್ಲಿ ಕೆಲವು ವರ್ಷ ಇದ್ದರು. ಅಕ್ಕನೂ ಜೊತೆಗಿದ್ದಳು. ಅಲ್ಲಿ ಅವರಿಗೆ ಮನೆ ಬಾಡಿಗೆ ಕೊಟ್ಟಿದ್ದ ಮುದುಕಿ, ಇವರು ಮಾಂಸ ಮುಟ್ಟುವುದಿಲ್ಲವೆಂದು ತಿಳಿದು, ಗೋವಿನಜೋಳದ ರೊಟ್ಟಿ, ಕಪ್ಪು ಕಾಳು, ಹುರಿದ ಮೆಣಸಿನಕಾಯಿಯ ಖಾರ ಮಾಡಿ ಹಾಕುತ್ತಿದ್ದಳಂತೆ. ರೊಟ್ಟಿಗೆ ಅವರು ಟೋರ್ಟಿಯಾ ಅನ್ನುತ್ತಾರೆ. ಅಕ್ಕನಿಗೆ ಅವಳ ಭಾಷೆ ಬಾರದು, ಅವಳಿಗೆ ಕನ್ನಡ ಬಾರದು. ಆದರೂ ಇಬ್ಬರೂ ದಿನವಿಡೀ ಒಲೆಯ ಮುಂದೆ ಕೂತು ಮಾತಾಡುತ್ತಿದ್ದರಂತೆ.

ದುಖಾನಿನಲ್ಲಿ ಅಕ್ಕನಿಗೆ ಮಾತಿಗೆ ಸಿಕ್ಕಿದ್ದು ಏಸಿ ಒಂದೇ. ಅದೂ ಅವಳ ಮಾತು ಕೇಳುವುದಕ್ಕಿಂತ ತಾನೇ ಹೆಚ್ಚು ಮಾತಾಡುವ ಜಾತಿಯದು. ಭಾವ ಬೆಳಕು ಹರಿಯುವ ಮೊದಲೇ ಹೋಗಿ ಸಂಜೆ ಬರುತ್ತಾರೆ, ಬಂದವರು ಮೊಬೈಲಿನೊಳಗೆ ಇಳಿಯುತ್ತಾರೆ. ಈ ಬೇಸಿಗೆಗೆ ಮುಂಚೆ ಒಂದು ದಿನ, ನಾನು ಎದುರಿಗಿರುವಾಗಲೇ, ಅಕ್ಕ ದನಿ ಎತ್ತದೆ ಹೇಳಿದಳು: "ಈ ಸಲ ಊರಿಗೆ ಹೋದರ ನಾ ತಿರುಗಿ ಬರಂಗಿಲ್ರೀ. ಇದ್ರ ಆ ಮುದುಕಿ ಮನ್ಯಾಗ ಇದ್ದಂಗ ಇರಬೇಕು. ಇದೇನು ಇರೂದು?"

ಹೆಂಡತಿ ಹೀಗೆಂದರೆ ಸಾಮಾನ್ಯ ಗಂಡ ಏನು ಮಾಡುತ್ತಾನೆ? ಜಗಳ ಮಾಡುತ್ತಾನೆ, ಇಲ್ಲವೇ ಮಾವನಿಗೆ ಫೋನು ಹಚ್ಚುತ್ತಾನೆ. ನಮ್ಮ ಭಾವ ಎಂಜಿನಿಯರು. ಕೆಟ್ಟ ಪಂಪನ್ನು ಬಿಚ್ಚಿದಂತೆ ಆ ಮಾತನ್ನು ಬಿಚ್ಚಿ ನೋಡಿ, ಇಲ್ಲದ ಬಿಡಿಭಾಗ ಯಾವುದೆಂದು ಕಂಡುಹಿಡಿದರು. ಟೋರ್ಟಿಯಾ!

"ಭಾವಾ, ಅಕ್ಕ ಕೇಳಿದ್ದು ಊಟಾನ?" ಎಂದೆ.

"ಮತ್ತೇನು ಕೇಳ್ಯಾಳೋ ತಮ್ಮಾ? ಮುದುಕಿ ಮನಿ ಅಂದ್ಲು. ಆ ಮನ್ಯಾಗ ಊಟ ಬಿಟ್ಟು ಏನಿತ್ತು? ಫ್ಯಾನ್ ಸೈತ ಇರಲಿಲ್ಲ."

ಹೀಗೆ ಶುರುವಾಯಿತು ಅಸಲಿ ಮೆಕ್ಸಿಕನ್ ಊಟದ ತಪಾಸಣೆ. ಭಾವನಿಗೆ ರಜೆ ಇರುವುದು ಶುಕ್ರವಾರ. ಪ್ರತಿ ಶುಕ್ರವಾರ ದುಖಾನಿನಿಂದ ಮರುಭೂಮಿ ದಾಟಿ ದೋಹಾದಲ್ಲಿ ನಾನಿರುವ ಅಲ್ ಹಿಲಾಲಿಗೆ ಬಂದು, ನನ್ನನ್ನು ಎಬ್ಬಿಸಿ, ಕಾರಿನಲ್ಲಿ ಹಾಕಿಕೊಂಡು ಹೊರಡುತ್ತಿದ್ದರು. ಮೊದಲ ವಾರ ಅಕ್ಕನೂ ಬಂದಿದ್ದಳು. ದೋಹಾ ಪಕ್ಕದ ಲುಸೈಲಿನ ಗಾಜಿನ ಕಟ್ಟಡವೊಂದರ ಹೋಟೆಲು. ಛತ್ರಿಯಷ್ಟು ಅಗಲದ ಟೋಪಿ ಹಾಕಿಕೊಂಡ ನೇಪಾಳಿ ಮಾಣಿ ಬಂದ. ಭಾವ ಹಿಂದಿಯಲ್ಲಿ ವಿಚಾರಣೆ ಆರಂಭಿಸಿದರು. ರೊಟ್ಟಿ ಯಾವ ಹಿಟ್ಟಿನದು? ಮೈದಾದ್ದು. ಮೈದಾ ಬೇಡ. ಒಳಗೇನಿದೆ? ಕೋಳಿ. ಕೋಳಿ ಬೇಡ, ಮೊಟ್ಟೆ ಬೇಡ, ಈ ಚೀಸನ್ನಂತೂ ಮೆಕ್ಸಿಕೋದಲ್ಲಿ ನಾಯಿಯೂ ಮೂಸುವುದಿಲ್ಲ, ಅದೂ ಬೇಡ. ಮಾಣಿ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, "ಹಾಗಾದರೆ ಬರೀ ಪ್ಲೇಟ್ ತರಲೇ ಸರ್?" ಎಂದ. ಅಕ್ಕ ನಕ್ಕಳು. ಆ ದಿನ ಅವಳು ನಕ್ಕದ್ದು ಅಷ್ಟೇ. ಮುಂದಿನ ವಾರದಿಂದ ಬರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ದಾಖಲಿಸಲೇಬೇಕು. ಹೆಂಡತಿಯ ಒಂಟಿತನ ಕಳೆಯಲೆಂದು ಹೊರಟ ಮನುಷ್ಯ, ವಾರಕ್ಕೆ ಸಿಗುವ ಒಂದೇ ರಜೆಯಲ್ಲೂ ಅವಳನ್ನು ಒಂಟಿಯಾಗಿ ಬಿಟ್ಟು ಊರೂರು ರೊಟ್ಟಿ ಹುಡುಕುತ್ತಿದ್ದರು. ಇಂಥ ಸುದ್ದಿಗೆ ನಮ್ಮಲ್ಲಿ ಪ್ರತ್ಯೇಕ ಶೀರ್ಷಿಕೆ ಬೇಕಾಗುವುದಿಲ್ಲ.

ಇನ್ನೊಂದು ಹೋಟೆಲಿನಲ್ಲಿ ಕಾಳು ಕೇಳಿದರೆ ಕಡಲೆ ರುಬ್ಬಿದ ಅರಬರ ಹಮ್ಮುಸ್ ತಂದಿಟ್ಟರು. ಭಾವ ಸೀದಾ ಅಡುಗೆಮನೆಗೆ ನುಗ್ಗಿ ಅಡುಗೆಯವನಿಗೆ ಪಾಠ ಹೇಳತೊಡಗಿದರು. ಮ್ಯಾನೇಜರು ಹೆಗಲ ಮೇಲೆ ಕೈಯಿಟ್ಟು, "ಖಲಾಸ್ ಸರ್, ಯಲ್ಲಾ," ಅಂದರೆ ಸಾಕು, ಹೊರಡಿ ಎಂದು ಬಾಗಿಲ ತನಕ ಬಂದು ಬೀಳ್ಕೊಟ್ಟ.

ಕಡೆಗೆ ಒಬ್ಬ ಅಸಲಿ ಮೆಕ್ಸಿಕನ್ನನೇ ಸಿಕ್ಕಿದ. ಭಾವನ ಕಂಪನಿಗೆ ಹೊಸದಾಗಿ ಬಂದ ಟೆಕ್ನಿಷಿಯನ್. "ನೀನು ಊಟ ಮಾಡುವ ಜಾಗಕ್ಕೆ ನಮ್ಮನ್ನು ಕರೆದೊಯ್ಯಿ," ಎಂದು ಭಾವ ಬೇಡಿಕೊಂಡರು. ಅವನು ಸಂತೋಷದಿಂದ ಕರೆದೊಯ್ದ, ಮಲಯಾಳಿ ಹೋಟೆಲಿಗೆ! ಪೊರೋಟ ಹರಿಯುತ್ತ ಅವನು ಹೇಳಿದ: ನಮ್ಮ ರೊಟ್ಟಿ ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯಲ್ಲೇ ಆಗಬೇಕು, ಗೋವಿನಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿ ನೆನೆಯಲು ಬಿಟ್ಟು, ರುಬ್ಬಬೇಕು. ಅವನು ಇನ್ನೂ ಏನೋ ಹೇಳುತ್ತಿದ್ದ. ಅಷ್ಟು ಕೇಳಿದ್ದೇ ತಡ ಭಾವ ಎದ್ದು ಕೈತೊಳೆಯಲು ಹೋಗಿಯಾಗಿತ್ತು.

ನಮ್ಮ ಬೀದಿಯ ದಿನಸಿ ಅಂಗಡಿ ಉಪ್ಪಿನಂಗಡಿಯ ಬ್ಯಾರಿಗಳೊಬ್ಬರದು. ಎಲೆಗೆ ಹಚ್ಚುವ ಸುಣ್ಣ ಇದೆಯೇ ಎಂದು ಭಾವ ಕೇಳಿದಾಗ ಅವರು ಒಮ್ಮೆ ಬಾಗಿಲ ಕಡೆ ನೋಡಿದರು.

"ತಂಬಾಕು ಮಾಫಿ ಸರ್, ಇಲ್ಲ. ಇಲ್ಲಿ ಅದೆಲ್ಲ ಬಂದ್."

"ತಂಬಾಕ ಯಾರಿಗೆ ಬೇಕ್ರೀ? ಸುಣ್ಣ ಕೊಡ್ರಿ. ಗೋವಿನಜೋಳ ಕುದಸಬೇಕು."

"ಜೋಳಕ್ಕೆ ಸುಣ್ಣವಾ? ಯಾರಿಗೆ ತಿನ್ಲಿಕ್ಕೆ ಮಾರಾಯ್ರೆ?"

"ನನ್ನ ಹೇಣ್ತಿಗೆ."

ಅಂಗಡಿಯವರು ನನ್ನ ಮುಖ ನೋಡಿ ಕೇಳಿದರು: "ನೀವು ಅವರ ಹೆಂಡತಿಯ ತಮ್ಮ ಅಲ್ವಾ? ನಿಮಗೆ ಗೊತ್ತುಂಟಾ ಇದು?" ಕೊನೆಗೆ ತಮ್ಮ ತಾಯಿ ಊರಿನಿಂದ ತಂದಿಟ್ಟುಕೊಂಡಿದ್ದ ಡಬ್ಬಿಯಿಂದ ಒಂದಿಷ್ಟು ತೆಗೆದುಕೊಟ್ಟರು.

ಮುಂದಿನ ಶುಕ್ರವಾರ ಭಾವ ದೋಹಾಕ್ಕೆ ಬರಲಿಲ್ಲ. ನನ್ನನ್ನೇ ದುಖಾನಿಗೆ ಕರೆಸಿಕೊಂಡರು. ನಾಲ್ಕು ದಿನದಲ್ಲಿ ಅಕ್ಕ ಊರಿಗೆ ಹೊರಡುವುದಿತ್ತು. ಕಟ್ಟಿದ ಸೂಟ್‌ಕೇಸು ಹಾಲಿನಲ್ಲೇ ನಿಂತಿತ್ತು. ಮದುವೆಯಾದಾಗಿನಿಂದ ನೀರು ಕುಡಿಯಲು ಮಾತ್ರ ಅಡುಗೆಮನೆಗೆ ಹೋದ ಮನುಷ್ಯ ಒಲೆಯ ಮುಂದೆ ಬೆವರುತ್ತಿದ್ದರು. ರಾತ್ರಿಯಿಡೀ ನೆನೆದ ಕಾಳು ಮಿಕ್ಸರಿನಲ್ಲಿ ಹಿಟ್ಟಾಗಿತ್ತು. ಖತಾರಿನ ನಕಾಶೆಯಂಥ ಒಂದು ರೊಟ್ಟಿ ಹಂಚಿನಿಂದ ಇಳಿಯಿತು. ಪರೀಕ್ಷೆಗೆಂದು ಮೊದಲ ತುತ್ತು ನನಗೆ. ಸುಣ್ಣ ಹೆಚ್ಚಾದ ಎಲೆ ಹಾಕಿಕೊಂಡವರಿಗೆ ನನ್ನ ನಾಲಗೆಯ ಸ್ಥಿತಿ ಗೊತ್ತಾದೀತು. ಉಳಿದವರಿಗೆ ಗೊತ್ತಾಗದಿರಲಿ.

ಅಕ್ಕ ಬಂದಳು. ಒಂದು ಚೂರು ಬಾಯಿಗಿಟ್ಟು, ಸಿಂಕಿಗೆ ಉಗುಳಿ, ಗಂಡನ ಮುಖ ನೋಡಿದಳು.

"ಕಾಳು ತೊಳದೀರೇನ್ರೀ?"

"ತೊಳದ್ರ ಸತ್ವ ಹೋಗತೈತಿ ಅಂತ..."

"ಸುಣ್ಣ ಹೋಗಬೇಕಲ್ರೀ? ಮುದುಕಿ ನಾಕ್ ನಾಕ್ ನೀರಾಗ ತಿಕ್ಕಿ ತೊಳೀತಿದ್ಲು. ಇದನ್ನ ಗ್ವಾಡಿಗೆ ಹಚ್ರಿ, ಬೆಳ್ಳಗಾಗತೈತಿ."

ದೋಹಾದ ಅಡುಗೆಯವರಿಗೆಲ್ಲ ಎದುರಾಡಿದ ಭಾವ ತಲೆ ತಗ್ಗಿಸಿ ನಿಂತರು. ಪಾತ್ರೆಯಲ್ಲಿ ರುಬ್ಬದ ಕಾಳು ಇನ್ನೂ ಅರ್ಧ ಉಳಿದಿತ್ತು. ಅಕ್ಕ ಸೆರಗು ಸಿಕ್ಕಿಸಿ ಅದನ್ನು ನಲ್ಲಿಯ ಕೆಳಗೆ ಹಿಡಿದಳು. "ನೋಡಕೋತ ನಿಂತ್ರ ಆಗಂಗಿಲ್ಲ, ತಿಕ್ರಿ," ಎಂದಳು. ಭಾವ ತಿಕ್ಕಿದರು. ಅವಳು ರುಬ್ಬಿದಳು. ಅವರು ಉಂಡೆ ಕಟ್ಟಿದರು. ಅಂಗೈಯಲ್ಲಿ ಹೇಗೆ ತಟ್ಟಬೇಕೆಂದು ಅವಳು ಅವರ ಕೈ ಹಿಡಿದು ತೋರಿಸುತ್ತ, ಆ ಮುದುಕಿ ತನಗೆ ಬೈಯುತ್ತಿದ್ದ ರೀತಿಯನ್ನು ಅನುಕರಿಸಿದಳು. ಭಾವನ ಮೊಬೈಲು ಮೇಜಿನ ಮೇಲೆ ಎರಡು ಸಲ ಕೂಗಿ ತಾನೇ ಸುಮ್ಮನಾಯಿತು. ನನಗೆ ಅಲ್ಲಿ ಯಾವ ಕೆಲಸವೂ ಉಳಿದಿರಲಿಲ್ಲ.

ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಭಾವ ಅದನ್ನು ನೋಡುತ್ತ, ಅವಳತ್ತ ತಿರುಗದೆ ಹೇಳಿದರು: "ನೀ ಹೋದ್ರ ನನಗ ಯಾವ ಊಟಾನೂ ಸೇರಂಗಿಲ್ಲ."

ಅಕ್ಕ ರೊಟ್ಟಿ ತಿರುವಿ ಹಾಕಿದಳು.

"ನಾ ಹೋಗಾಕಿ. ಹೋಗೂ ಟಿಕೆಟ್ ತಗಸೇನಿ," ಎಂದಳು. ಆಮೇಲೆ ಇನ್ನೊಂದು ಉಂಡೆ ಅವರ ಕೈಗೆ ಕೊಟ್ಟು, "ಬರೂದು ತಗಸಿಲ್ಲ. ಅದನ್ನ ನೀವು ತಗಸ್ರಿ."